ಅಜ್ಜ ಏಳುವ ಹೊತ್ತು

ಜನವರಿ ೮, ಸೋಮವಾರ

ಅಕ್ಕ ಫೋನಿನಲ್ಲಿ ಹೇಳಿದಳು, "ದಿನಾ ಒಂದು ಪುಟ ಬರಿ ಕಣೇ. ಮನಸ್ಸಲ್ಲಿರೋದನ್ನೆಲ್ಲ ಬರಿ. ಭಾರ ಇಳಿಯುತ್ತೆ." ಯಾವುದೋ ಪತ್ರಿಕೆಯಲ್ಲಿ ಓದಿದ್ದಾಳೆ. ಗಂಡನನ್ನು ಕಳಕೊಂಡವರು ಏನೇನು ಮಾಡಬೇಕು ಎಂಬುದು ಪತ್ರಿಕೆಯವರಿಗೆ ಬಹಳ ಚೆನ್ನಾಗಿ ಗೊತ್ತಿರುತ್ತದೆ.

ಸರಿ, ಬರೆಯುತ್ತೇನೆ. ಆದರೆ ಸದ್ಯಕ್ಕೆ ನನ್ನ ಮನಸ್ಸಿನಲ್ಲಿ ಇರುವುದು ಕೆಲಸದ ಜಾಗದ ಕಂಪ್ಯೂಟರ್. ಅದರ ಬಗ್ಗೆ ಬರೆದರೂ ಭಾರ ಇಳಿಯಬೇಕಲ್ಲ, ನೋಡೋಣ.

ನಾನಿರುವುದು ಕಟ್ಟುಹಲ್ಲು ತಯಾರಿಸುವ ಸಣ್ಣ ಕಾರ್ಖಾನೆಯಲ್ಲಿ. ಊರಿನ ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ನಮಗೆ ಕಳಿಸುತ್ತಾರೆ. ಯಾರಿಗೆ ಯಾವ ಹಲ್ಲು, ಯಾವ ಬಣ್ಣ, ಯಾವತ್ತಿಗೆ ಬೇಕು ಎಂಬುದೆಲ್ಲ ನನ್ನ ಕಂಪ್ಯೂಟರಿನೊಳಗಿದೆ. ಬೆಳಿಗ್ಗೆ ಅದು ತೆರೆದುಕೊಂಡು ಆ ದಿನದ ಕೆಲಸದ ಚೀಟಿಗಳನ್ನು ಮುದ್ರಿಸಿ ಕೊಟ್ಟ ಮೇಲೆಯೇ ಒಳಗಿನವರು ಕೈ ಹಚ್ಚಬೇಕು. ಅದು ತೆರೆದುಕೊಳ್ಳುವ ಚಂದವೋ, ದೇವರಿಗೇ ಪ್ರೀತಿ. ಗುಂಡಿ ಒತ್ತಿದರೆ ಮೊದಲು ಗೊರಗೊರ ಸದ್ದು. ಆಮೇಲೆ ಕಪ್ಪು ಪರದೆ. ಆಮೇಲೆ ನೀಲಿ ಪರದೆ. ಅದರ ನಡುವೆ ಒಂದು ಉಂಗುರ ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ. ಅಷ್ಟರಲ್ಲಿ ಒಳಗಿನ ಮೂವರೂ ಚಹಾದ ಲೋಟ ಹಿಡಿದು ನನ್ನ ಕೋಣೆಗೆ ಬಂದು ನಿಲ್ಲುತ್ತಾರೆ. ಚೀಟಿ ಬರುವ ತನಕ ಅವರಿಗೆ ಬೇರೆ ಕೆಲಸವಿಲ್ಲ. ನನ್ನ ಕೋಣೆ ಬಸ್ ನಿಲ್ದಾಣವಾಗಿದೆ.

ಸೇರಿದ ದಿನ ಮೂವರ ಹೆಸರನ್ನೂ ಹೇಳಿದ್ದರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಸರು ಹಿಡಿದು ಕರೆದರೆ ಯೋಗಕ್ಷೇಮ ಕೇಳಬೇಕಾಗುತ್ತದೆ. ನಾನು ಕೇಳಿದರೆ ಅವರೂ ಕೇಳುತ್ತಾರೆ. ಆ ಗೊಡವೆಯೇ ಬೇಡ. ಮೇಣದಲ್ಲಿ ಹಲ್ಲಿನ ಸಾಲು ಕೂರಿಸುವವರು ಮೇಣದಪ್ಪ. ಪಿಂಗಾಣಿ ಹಲ್ಲನ್ನು ಕುಲುಮೆಯಲ್ಲಿ ಸುಡುವವರು ಕುಲುಮೆಯಪ್ಪ. ಉಜ್ಜಿ ಹೊಳಪು ಕೊಡುವಾಕೆ ಪಾಲಿಶಮ್ಮ. ಇದೆಲ್ಲ ನನ್ನೊಳಗೇ. ಬಾಯಿಬಿಟ್ಟು ಯಾರನ್ನೂ ಏನೂ ಕರೆಯುವುದಿಲ್ಲ.

ಪಾಲಿಶಮ್ಮ ಬಾಗಿಲಿನಿಂದಲೇ ದಿನಾ ಕೇಳುವುದು ಒಂದೇ ಮಾತು. "ಅಜ್ಜ ಎದ್ರಾ ಮೇಡಂ?"

ಅಜ್ಜ ಎಂದರೆ ಕಂಪ್ಯೂಟರ್.

ಇವತ್ತು ಮಾಲೀಕರಿಗೆ ಲಿಖಿತವಾಗಿ ಕೊಟ್ಟೆ: ದಯವಿಟ್ಟು ಕಂಪ್ಯೂಟರಿನ ಮೆಮೊರಿ ಹೆಚ್ಚಿಸಿಕೊಡಿ.

ಜನವರಿ ೧೧, ಗುರುವಾರ

ಮಾಲೀಕರು ನನ್ನ ಅರ್ಜಿಯನ್ನು ಮಡಚಿ ಮೇಜಿನ ಕಾಲಿನ ಕೆಳಗೆ ಇಟ್ಟರು. ಮೇಜು ಅಲ್ಲಾಡುತ್ತಿತ್ತಂತೆ. "ನಡೀತಾ ಇದೆಯಲ್ಲಮ್ಮ? ನಡೆಯೋ ತನಕ ನಡೀಲಿ," ಎಂದರು.

ಅಕ್ಕನದು ಇನ್ನೊಂದು ರಾಗ. ಅವಳ ಮನೆಯ ಮಹಡಿಯ ಕೋಣೆ ಖಾಲಿಯಾಗಿದೆ. "ಒಬ್ಳೇ ಯಾಕೆ ಒದ್ದಾಡ್ತೀಯ? ಮನೆ ಖಾಲಿ ಮಾಡಿ ಬಂದ್ಬಿಡು. ಫೆಬ್ರುವರಿ ಮುಗಿಯೋದ್ರೊಳಗೆ ಹೇಳು. ಇಲ್ಲಾಂದ್ರೆ ಬಾಡಿಗೆಯವರು ಕೇಳ್ತಾ ಇದಾರೆ." ಹೋದರೆ ಅನ್ನಕ್ಕೆ, ನೆರಳಿಗೆ ಕೊರತೆಯಿಲ್ಲ. ಆದರೆ ಬಂದವರಿಗೆಲ್ಲ ಅಕ್ಕ ಮೆಲುದನಿಯಲ್ಲಿ "ಪಾಪ, ನನ್ನ ತಂಗಿ" ಎನ್ನುತ್ತಾಳೆ. ಇವರು ತೀರಿಕೊಂಡ ವಾರವೇ ಅದನ್ನು ಸಾಕಷ್ಟು ಕೇಳಿದ್ದೇನೆ. ಉಳಿದ ಆಯಸ್ಸೆಲ್ಲ "ಪಾಪ" ಆಗಿ ಬಾಳಬೇಕೇ?

ಹಾಗೆಂದು ಇಲ್ಲಿ ನನಗೇನಿದೆ? ಒಂದು ಖಾಲಿ ಮನೆ, ಒಂದು ಹಾಳು ಕಂಪ್ಯೂಟರ್.

ಜನವರಿ ೧೪, ಭಾನುವಾರ

ಇವರ ಕುರ್ಚಿ ಜರುಗಿಸಿ ಕಸ ಗುಡಿಸಿದೆ. ಮತ್ತೆ ಅಲ್ಲೇ ಇಟ್ಟೆ. ಬ್ರೆಡ್ಡು ತಿಂದೆ. ಮಧ್ಯಾಹ್ನ ತರಕಾರಿಯವಳು ಏನೋ ಕೇಳಿದಾಗ ಉತ್ತರ ಕೊಡಲು ಹೋದರೆ ಸ್ವರವೇ ಹೊರಡಲಿಲ್ಲ. ಶನಿವಾರದಿಂದ ಬಾಯಿ ತೆರೆದಿರಲಿಲ್ಲವಲ್ಲ, ಗಂಟಲು ಕಟ್ಟಿತ್ತು.

ಜನವರಿ ೧೭, ಬುಧವಾರ

ಅಜ್ಜ ಇವತ್ತು ಅರ್ಧ ಎದ್ದು ಮತ್ತೆ ಮಲಗಿತು. ಎಲ್ಲ ಮೊದಲಿನಿಂದ.

ಎಲ್ಲರಿಗಿಂತ ಹೆಚ್ಚು ಗೊಣಗುವವರು ಕುಲುಮೆಯಪ್ಪ. "ನನ್ನ ಕುಲುಮೆ ಕಾದು ಕೂತಿದೆ ಮೇಡಂ. ಅದಕ್ಕಿರೋ ಶಿಸ್ತಲ್ಲಿ ಕಾಲು ಭಾಗ ಇದಕ್ಕಿದ್ದಿದ್ರೆ!"

"ಅರ್ಜಿ ಕೊಟ್ಟಿದ್ದೀನಿ. ಮೇಜಿನ ಕಾಲಿನ ಕೆಳಗಿದೆ, ಬೇಕಾದ್ರೆ ಹೋಗಿ ಓದಿ," ಎಂದೆ.

ಮೇಣದಪ್ಪ ನಕ್ಕರು. ನಗುವಂಥದ್ದೇನನ್ನೂ ನಾನು ಹೇಳಿರಲಿಲ್ಲ. ಆ ಮನುಷ್ಯರಿಗೆ ನಗುವುದೆಂದರೆ ಇಡೀ ಮೈ ಕುಲುಕಬೇಕು. ಲೋಟ ಕೀಬೋರ್ಡಿನ ಮೇಲೆ ಬಾಗಿತು, ಇನ್ನೇನು ಚೆಲ್ಲಬೇಕು. ಹಾಗಾಗಿ ಉಗ್ರಾಣದಲ್ಲಿದ್ದ ಸ್ಟೂಲುಗಳನ್ನು ತರಿಸಿ ಗೋಡೆಯ ಬದಿಗೆ ಹಾಕಿಸಿದೆ. ಕೂತರೆ ಕೀಬೋರ್ಡಿನಿಂದ ದೂರ ಇರುತ್ತಾರೆ. ಇದು ಕೇವಲ ಯಂತ್ರದ ಸುರಕ್ಷತೆಗಾಗಿ.

ಇನ್ನೊಂದು ವಿಷಯ ಗೊತ್ತಾಯಿತು. ನನ್ನ ಬೆನ್ನ ಹಿಂದೆ ಇವರೆಲ್ಲ ನನ್ನನ್ನು "ಚೀಟಿಯಮ್ಮ" ಎನ್ನುತ್ತಾರಂತೆ. ಎಂಥ ಜನ! ಎದುರಿಗೆ ಮೇಡಂ, ಹಿಂದೆ ಅಡ್ಡಹೆಸರು.

ಜನವರಿ ೨೫, ಗುರುವಾರ

ಮನೆಯಲ್ಲಿದ್ದ ಎಲೆಕ್ಟ್ರಿಕ್ ಕೆಟಲನ್ನು ಕೋಣೆಗೆ ತಂದಿಟ್ಟೆ. ಮೂವರೂ ಚಹಾಕ್ಕೆಂದು ಒಳಗಿನ ತೊಟ್ಟಿಯ ಪಕ್ಕಕ್ಕೆ ಹೋಗಿ, ಲೋಟ ತೊಳೆದು, ಕುದಿಸಿ, ಮತ್ತೆ ಇಲ್ಲಿಗೆ ಬರುವಷ್ಟರಲ್ಲಿ ನೆಲವೆಲ್ಲ ಪ್ಲಾಸ್ಟರ್ ಪುಡಿಯ ಹೆಜ್ಜೆ. ಇಲ್ಲೇ ಕುದಿಸಿದರೆ ಆ ರಂಪವಿಲ್ಲ. ಮೇಣದಪ್ಪನಿಗೆ ಸಕ್ಕರೆ ಧಾರಾಳವಾಗಿ ಬೇಕು. ಕುಲುಮೆಯಪ್ಪನಿಗೆ ಸಕ್ಕರೆಯೇ ಬೇಡ. ಸಿಡುಕಿಗೆ ಕಾರಣ ಅದೇ ಇರಬಹುದು. ಪಾಲಿಶಮ್ಮನಿಗೆ ಹಾಲು ಜಾಸ್ತಿ, ಕೆನೆ ಕೂಡದು. ಒಂದೇ ಕಡೆ ಕೆಲಸ ಮಾಡುವಾಗ ಇಂಥ ವಿವರಗಳು ತಿಳಿದಿರಬೇಕಾಗುತ್ತದೆ.

ಬಿಸ್ಕತ್ತು ಸರದಿಯ ಮೇಲೆ. ಅದು ಪಾಲಿಶಮ್ಮನ ಕಾನೂನು. ನಾನು ಅದರಲ್ಲಿಲ್ಲ ಎಂದೆ. "ತಿನ್ನೋರೆಲ್ಲ ಇದಾರೆ," ಎಂದಳು. ನನ್ನ ಕೈಯಲ್ಲಿ ಆಗ ಒಂದಿತ್ತು.

ಮಾಲೀಕರಿಗೆ ಹೊಸ ಅರ್ಜಿ ಕೊಟ್ಟೆ. ಈ ಸಲ ದಪ್ಪ ಕಾಗದದ ಮೇಲೆ, ಮಡಚಲಾಗದ ಹಾಗೆ.

ಫೆಬ್ರುವರಿ ೨, ಶುಕ್ರವಾರ

ಇವತ್ತು ಒಂದು ವಿಚಿತ್ರ ಚೀಟಿ. ಯಾರೋ ಮುದುಕರಿಗೆ ಮೇಲಿನ ಸಾಲು ಪೂರ್ತಿ ಹೊಸದು. ಡಾಕ್ಟರು ಕೆಳಗೆ ಬರೆದಿದ್ದರು: "ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಇರಲಿ. ರೋಗಿಗೆ ಶಿಳ್ಳೆ ಹಾಕಬೇಕಂತೆ."

ಚೀಟಿ ಕೈಯಿಂದ ಕೈಗೆ ಹೋಯಿತು. ಮೇಣದಪ್ಪ ತಲೆ ಕೆರೆದುಕೊಂಡರು. "ಸಂದು ಎಷ್ಟಿರಬೇಕು ಅಂತ ಬರೆದೇ ಇಲ್ವಲ್ಲ. ಶಿಳ್ಳೇಲೂ ಅಳತೆ ಇರುತ್ತಲ್ವಾ?"

"ಶಿಳ್ಳೆಗೂ ಹಲ್ಲಿಗೂ ಏನ್ರೀ ಸಂಬಂಧ? ತುಟಿಯಲ್ಲಿ ಹಾಕೋದು," ಎಂದರು ಕುಲುಮೆಯಪ್ಪ. ಹಾಕಿ ತೋರಿಸಲು ಹೋದರು. ಬರೀ ಗಾಳಿ ಬಂತು.

ಪಾಲಿಶಮ್ಮ ಹಾಕಿದಳು. ಗಾಳಿ, ಜೊತೆಗೆ ಬಿಸ್ಕತ್ತಿನ ಪುಡಿ. ಮೇಣದಪ್ಪ ಶುರು ಮಾಡುವ ಮೊದಲೇ ನಕ್ಕು ಕೆಟ್ಟರು. ಮೂವರ ಅವಸ್ಥೆ ನೋಡಲಾರದೆ ನಾನೇ ಹಾಕಿಬಿಟ್ಟೆ. ಉದ್ದವಾಗಿ, ಕೊನೆಗೆ ಒಂದು ತಿರುವು ಕೊಟ್ಟು.

ಮೂವರೂ ಬೆಪ್ಪಾಗಿ ನನ್ನನ್ನೇ ನೋಡಿದರು.

"ಎಲ್ಲಿ ಕಲಿತ್ರಿ ಮೇಡಂ?" ಎಂದಳು ಪಾಲಿಶಮ್ಮ.

"ನಮ್ಮ ಯಜಮಾನರು ಕಲಿಸಿದ್ದು. ಗಡ್ಡ ಮಾಡಿಕೊಳ್ಳುವಾಗ ದಿನಾ ಹಾಕ್ತಿದ್ರು. ಈಗ ಅವರಿಲ್ಲ."

ಇಲ್ಲಿ ಯಾರಿಗೂ ಹೇಳಿರಲಿಲ್ಲ. ಇನ್ನು "ಪಾಪ" ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಉಂಗುರ ಸುತ್ತುತ್ತಿತ್ತು. ಕುಲುಮೆಯಪ್ಪ ಲೋಟ ಕೆಳಗಿಟ್ಟರು. "ಕೊನೇಲಿ ಶ್ರುತಿ ಸ್ವಲ್ಪ ಇಳೀತು," ಎಂದರು. "ಇನ್ನೊಂದ್ಸಲ ಹಾಕಿ."

ಹಾಕಿದೆ. ಮೇಣದಪ್ಪ ನನ್ನ ಬಾಯಿಯನ್ನೇ ನೋಡುತ್ತ ಸಂದಿನ ಅಳತೆಯನ್ನು ಕಾಗದದ ಮೇಲೆ ಗೀಚಿಕೊಂಡರು. ಅಜ್ಜ ಎದ್ದದ್ದು ಯಾರಿಗೂ ಗೊತ್ತಾಗಲೇ ಇಲ್ಲ. ಕೆಲಸ ತಡವಾಯಿತು. ಇದಕ್ಕೆಲ್ಲ ಕಂಪ್ಯೂಟರೇ ಕಾರಣ.

ಸಂಜೆ ಮನೆಗೆ ಹೋಗಿ ಅಡುಗೆ ಮಾಡಿದೆ. ಸುಮ್ಮನೆ, ಹಸಿವಾಗಿತ್ತು.

ಫೆಬ್ರುವರಿ ೬, ಮಂಗಳವಾರ

ಗೆದ್ದೆ! ಮಾಲೀಕರು ಒಪ್ಪಿದರು. ದಪ್ಪ ಕಾಗದದ ಮಹಿಮೆ.

ರಿಪೇರಿಯವಳು ಮಧ್ಯಾಹ್ನ ಬಂದಳು. ಬಾಯಿ ತುಂಬ ಚೂಯಿಂಗ್ ಗಮ್, ಬೆನ್ನಿಗೆ ಚೀಲ. ವೈರು ಕಿತ್ತು, ಪಕ್ಕದ ಮುಚ್ಚಳ ಬಿಚ್ಚಿ, ಒಳಗೆ ಊದಿದಳು. ಕೋಣೆಯೆಲ್ಲ ಧೂಳು. ಪ್ಲಾಸ್ಟರ್, ಪಿಂಗಾಣಿ, ಮೇಣದ ಕಸ, ಎಲ್ಲ ಆ ಡಬ್ಬಿಯೊಳಗೆ ಮನೆ ಮಾಡಿತ್ತು.

"ನೋಡಿ ಆಂಟಿ, ಇದು ನಿಮ್ಮ ಹಳೇ ಮೆಮೊರಿ," ಎಂದು ಬೆರಳುದ್ದದ ಹಸಿರು ಕಡ್ಡಿಯೊಂದನ್ನು ತೋರಿಸಿದಳು. ಎರಡು ತುದಿಗಳಲ್ಲೂ ಸಣ್ಣ ಕೊಂಡಿ. ಒತ್ತಿದರೆ ಕಡ್ಡಿ ಮೇಲೇಳುತ್ತದೆ, ಕೂರಿಸಿದರೆ ಟಕ್ ಎಂದು ಕಚ್ಚಿಕೊಳ್ಳುತ್ತದೆ. ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದಳು. "ಇದು ಇಲ್ಲೇ ಇರ್ಲಿ. ಪಕ್ಕದ ಜಾಗದಲ್ಲಿ ಹೊಸದು ಹಾಕ್ತೀನಿ. ಎರಡೂ ಸೇರಿದ್ರೆ ಓಡುತ್ತೆ."

"ಮತ್ತೆ ಕೆಟ್ಟರೆ?"

"ಒಂದು ಹೋದ್ರೂ ಇನ್ನೊಂದರಲ್ಲಿ ಕುಂಟ್ಕೊಂಡು ನಡೆಯುತ್ತೆ. ಎರಡೂ ಇಲ್ಲಾಂದ್ರೆ ಮಾತ್ರ ಬಾಯಿ ಬಡ್ಕೊಳುತ್ತೆ. ಬೀಪ್ ಬೀಪ್ ಅಂತ."

ಎಲ್ಲವನ್ನೂ ಪಕ್ಕದಲ್ಲಿ ನಿಂತು ಗಮನವಿಟ್ಟು ನೋಡಿದೆ. ನಮ್ಮ ಯಂತ್ರದ ಬಗ್ಗೆ ನಮಗೆ ತಿಳಿದಿರಬೇಕು. ಒಳಗಿನ ಮೂವರು ಆಗ ಕೆಲಸದಲ್ಲಿದ್ದರು. ಸಂಜೆ ಹೊಸ ಕಡ್ಡಿಯ ಖಾಲಿ ಡಬ್ಬಿ ತೋರಿಸಿದೆ. ನೋಡಿ "ಹೂಂ" ಎಂದರು. ಇಷ್ಟು ದಿನ ಗೊಣಗಿದವರಿಗೆ ಇನ್ನಷ್ಟು ಖುಷಿಯಾಗಬೇಕಿತ್ತು.

ಫೆಬ್ರುವರಿ ೭, ಬುಧವಾರ

ಗುಂಡಿ ಒತ್ತಿ ಚೀಲ ಕೆಳಗಿಡುವುದರೊಳಗೆ ತೆರೆದುಕೊಂಡಿತು! ಕೆಟಲ್ ಇನ್ನೂ ಗುಂಯ್‌ಗುಡುತ್ತಿತ್ತು. ಚೀಟಿಗಳು ಬಿಸಿಬಿಸಿಯಾಗಿ ಹೊರಗೆ ಬಂದವು. ಮೂವರೂ ಬಂದರು, ಚೀಟಿ ತಗೊಂಡರು, ಹೋದರು. ಪಾಲಿಶಮ್ಮ "ಅಜ್ಜ ಎದ್ರಾ" ಎಂದು ಕೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು.

ಕೆಲಸವೆಂದರೆ ಹೀಗಿರಬೇಕು. ಇಡೀ ಕೋಣೆ ನನ್ನದೊಬ್ಬಳದೇ.

ಫೆಬ್ರುವರಿ ೧೨, ಸೋಮವಾರ

ನೆಮ್ಮದಿ. ಸ್ಟೂಲುಗಳನ್ನು ಉಗ್ರಾಣಕ್ಕೆ ಕಳಿಸೋಣವೆಂದುಕೊಂಡೆ. ಧೂಳು ಹೊಡೆದು ಅಲ್ಲೇ ಬಿಟ್ಟೆ. ಯಾರಾದರೂ ಬಂದರೆ ಬೇಕಾಗುತ್ತದೆ.

ಕೆಟಲಿನಲ್ಲಿ ಅಭ್ಯಾಸಬಲದಿಂದ ನಾಲ್ಕು ಲೋಟದ ನೀರು ಹಾಕಿದ್ದೆ. ಒಂದು ಕುಡಿದೆ, ಉಳಿದದ್ದು ಗಿಡಕ್ಕೆ. ಆರಿಸಿಯೇ ಹಾಕಿದೆ.

ಫೆಬ್ರುವರಿ ೧೬, ಶುಕ್ರವಾರ

ಕೆಲಸ ಬೇಗ ಮುಗಿಯಿತು. ಗಂಟಲು ಕಟ್ಟಿದೆ. ಭಾನುವಾರವೂ ಅಲ್ಲ. ಬಹುಶಃ ಧೂಳು.

ಬ್ರೆಡ್ಡು.

ಫೆಬ್ರುವರಿ ೧೮, ಭಾನುವಾರ

ಅಕ್ಕನಿಗೆ ಬರುತ್ತೇನೆ ಎಂದುಬಿಟ್ಟೆ.

ಅವಳು ಫೋನಿನಲ್ಲೇ ಅತ್ತಳು. ಯಾವ ಗೋಡೆಗೆ ನನ್ನ ಮಂಚ, ಯಾವ ಕಿಟಕಿಗೆ ಯಾವ ಪರದೆ ಎಂದೆಲ್ಲ ಹೇಳಿದಳು. ಹಿಂದಿನಿಂದ ಭಾವ "ಪಾಪ, ಬರ್ಲಿ ಬರ್ಲಿ" ಎಂದದ್ದು ಕೇಳಿಸಿತು. ಒಳ್ಳೆಯವರು. ನನಗೆ ಮಾತ್ರ ಯಾಕೋ ಹಲ್ಲು ಕಚ್ಚಿಕೊಳ್ಳುವಂತಾಯಿತು.

ಬೇಜಾರೇನೂ ಇಲ್ಲ. ಕಂಪ್ಯೂಟರನ್ನು ಒಂದು ಸ್ಥಿತಿಗೆ ತಂದಿದ್ದೇನೆ, ಇನ್ನು ಯಾರು ಬೇಕಾದರೂ ನಡೆಸಬಹುದು. ಇವರ ಕುರ್ಚಿಯನ್ನು ಏನು ಮಾಡುವುದೆಂದು ತಿಳಿಯುತ್ತಿಲ್ಲ. ಅಕ್ಕನ ಮಹಡಿಯ ಮೆಟ್ಟಿಲು ಕಿರಿದು, ಹತ್ತಿಸಲಾಗದು.

ಫೆಬ್ರುವರಿ ೨೧, ಬುಧವಾರ

ಮಾಲೀಕರಿಗೆ ಹೇಳಿದೆ, ತಿಂಗಳ ಕೊನೆಗೆ ಬಿಡುತ್ತೇನೆ ಎಂದು. "ಈಗ್ತಾನೆ ಮೆಮೊರಿ ಹಾಕಿಸ್ಕೊಂಡ್ರಲ್ಲಮ್ಮ!" ಎಂದರು, ನಾನೇನೋ ಅದನ್ನು ಹೊತ್ತುಕೊಂಡು ಓಡಿಹೋಗುವವಳ ಹಾಗೆ.

ಒಳಗಿನವರಿಗೆ ಚೀಟಿ ಕೊಡುವಾಗ ಹೇಳಿದೆ. ಮೇಣದಪ್ಪ ನಗಲಿಲ್ಲ. ಪಾಲಿಶಮ್ಮ ನನ್ನ ತೋಳು ಹಿಡಿದು ಏನೋ ಹೇಳಲು ಹೋಗಿ, ಏಪ್ರನ್ನಿನಲ್ಲಿ ಮೂಗು ಒರೆಸಿಕೊಂಡಳು. ಕುಲುಮೆಯಪ್ಪ ಚೀಟಿಯನ್ನೇ ಓದುತ್ತಿದ್ದರು. "ಬಣ್ಣ ಸರಿಯಾಗಿ ಬರೆದಿಲ್ಲ ಇದರಲ್ಲಿ," ಎಂದರು. ಸರಿಯಾಗಿಯೇ ಬರೆದಿತ್ತು. ಹೋಗುವವಳ ಮುಖ ನೋಡಿ ಒಂದು ಮಾತಾಡಿದರೆ ಅವರ ಗಂಟೇನು ಹೋಗುತ್ತಿತ್ತು? ನನಗೆ ಸಿಟ್ಟೇ ಬಂತು.

ಫೆಬ್ರುವರಿ ೨೨, ಗುರುವಾರ

ಇವತ್ತು ಶಿಳ್ಳೆಯ ಅಜ್ಜ ಸ್ವತಃ ಬಂದಿದ್ದರು. ಡಾಕ್ಟರು ಹಲ್ಲು ಕೂರಿಸಿದ್ದಾರೆ, ಧನ್ಯವಾದ ಹೇಳಿ ಹೋಗೋಣವೆಂದು. ಟೊಪ್ಪಿ ತೆಗೆದು, ನನ್ನ ಮೇಜಿನೆದುರು ನೆಟ್ಟಗೆ ನಿಂತು, ಒಂದು ಶಿಳ್ಳೆ ಹಾಕಿದರು ನೋಡಿ! ಕಿಟಕಿಯ ಗಾಜು ಗುಂಯ್ ಎಂದಿತು. ನನಗೆ ನಗು ತಡೆಯಲಾಗಲಿಲ್ಲ. ನಾನೂ ಒಂದು ಹಾಕಿದೆ. ಅವರು "ಭೇಷ್" ಎಂದು ಟೊಪ್ಪಿ ಹಾಕಿಕೊಂಡು ಹೊರಟೇ ಹೋದರು.

ಓಡಿಹೋಗಿ ಒಳಗಿನವರಿಗೆ ಹೇಳಿದೆ. ಪಾಲಿಶ್ ಯಂತ್ರ ಕಿರ್ರೆನ್ನುತ್ತಿತ್ತು. ಮೇಣದಪ್ಪ ದೀಪದ ಮೇಲೆ ಚಾಕು ಕಾಯಿಸುತ್ತ "ಆಂ?" ಎಂದರು. ಕುಲುಮೆಯಪ್ಪ ಬೆನ್ನು ತಿರುಗಿಸಿ ನಿಂತಿದ್ದರು. ಇನ್ನೊಮ್ಮೆ ಕೂಗಿ ಹೇಳಿದೆ. "ಆಮೇಲೆ ಹೇಳಿ ಮೇಡಂ!" ಎಂದು ಪಾಲಿಶಮ್ಮ ಕೈಸನ್ನೆ ಮಾಡಿದಳು. ಆಮೇಲೆ ಎಂದರೆ ಯಾವಾಗ? ಅಂಥದ್ದನ್ನು ಹೇಳುವ ಹೊತ್ತೊಂದು ಮೊದಲು ದಿನಾ ಬೆಳಿಗ್ಗೆ ಇತ್ತು. ಈಗ ಇಲ್ಲ.

ಕೋಣೆಗೆ ಬಂದು ಕೂತೆ. ಅಳು ಬಂತು. ಮುದುಕರ ಶಿಳ್ಳೆಗೆ ಯಾರಾದರೂ ಅಳುತ್ತಾರೆಯೇ? ಇವರು ಇದ್ದಿದ್ದರೆ ಸಂಜೆ ಮನೆಗೆ ಹೋಗಿ ಹೇಳುತ್ತಿದ್ದೆ. ಬಾಗಿಲು ತೆಗೆಯುವ ಮೊದಲೇ ಹೇಳುತ್ತಿದ್ದೆ.

ಎಲ್ಲರೂ ಹೋಗುವ ಹೊತ್ತಿಗೆ ಒಂದು ತಾಂತ್ರಿಕ ಅನುಮಾನ ಹೊಳೆಯಿತು. ಹೊಸ ಕಡ್ಡಿ ಬಂದ ಮೇಲೆ ಕಂಪ್ಯೂಟರ್ ಬಹಳ ಬಿಸಿಯಾಗುತ್ತಿದೆ. ಮುಟ್ಟಿ ನೋಡಿದೆ, ಹೆಚ್ಚುಕಡಿಮೆ ಬಿಸಿ. ಹಳೆಯ ಯಂತ್ರಕ್ಕೆ ಇಷ್ಟು ವೇಗ ಒಳ್ಳೆಯದಲ್ಲ. ಹಾಗಾಗಿ ವೈರು ಕಿತ್ತು, ಉಗ್ರಾಣದ ಸ್ಕ್ರೂಡ್ರೈವರಿನಿಂದ ಮುಚ್ಚಳ ಬಿಚ್ಚಿ, ಕೊಂಡಿ ಒತ್ತಿ ಹೊಸ ಕಡ್ಡಿಯನ್ನು ತೆಗೆದು ಕನ್ನಡಕದ ಡಬ್ಬಿಯಲ್ಲಿ ಹಾಕಿಕೊಂಡೆ. ಹೋಗುವವಳು ಯಂತ್ರದ ಆರೋಗ್ಯ ನೋಡಿ ಹೋಗಬೇಕಲ್ಲ. ಸ್ಕ್ರೂಡ್ರೈವರನ್ನು ಇದ್ದಲ್ಲೇ ಇಟ್ಟೆ. ನಾನು ಹೊರಡುವಾಗ ಕುಲುಮೆಯಪ್ಪ ಇನ್ನೂ ಒಳಗೇ ಇದ್ದರು. ಕುಲುಮೆ ಆರಬೇಕಂತೆ.

ಫೆಬ್ರುವರಿ ೨೩, ಶುಕ್ರವಾರ

ಇವತ್ತಿನದನ್ನು ಸಾವಧಾನವಾಗಿ ಬರೆಯಬೇಕು.

ಕೆಟಲಿಗೆ ನಾಲ್ಕು ಲೋಟದ ನೀರು ಹಾಕಿ ಗುಂಡಿ ಒತ್ತಿದೆ. ಗೊರಗೊರ ಸದ್ದು ಬಂತು. ಪರದೆ ಕಪ್ಪಾಗಿಯೇ ಇತ್ತು. ಆಮೇಲೆ ಬೀಪ್. ಉದ್ದನೆಯ ಬೀಪ್, ಒಂದರ ಹಿಂದೆ ಒಂದು, ಬಾಯಿ ಬಡಿದುಕೊಂಡಂತೆ. ಹಳೆಯದು ಒಳಗಿದೆಯಲ್ಲ, ಕುಂಟಿಕೊಂಡಾದರೂ ನಡೆಯಬೇಕಲ್ಲ! ನಾನೇ ಏನೋ ಮುರಿದುಬಿಟ್ಟೆ ಎಂದುಕೊಂಡೆ.

ಮೂವರೂ ಓಡಿಬಂದರು. ಹಿಂದೆಯೇ ಮಾಲೀಕರು. "ಏನಿದು ಗಲಾಟೆ? ಹೊಸ ಮೆಮೊರಿ ಹಾಕ್ಸಿ ಇನ್ನೂ ತಿಂಗಳಾಗಿಲ್ಲ! ಸಾಕು ಇದರ ಸಹವಾಸ. ಆ ರಿಪೇರಿ ಹುಡುಗೀಗೆ ಫೋನ್ ಮಾಡ್ತೀನಿ. ಅವಳೂ ಕೈ ಎತ್ತಿದ್ರೆ ಇದನ್ನ ಗುಜರಿಗೆ ಹಾಕಿ ಹೊಸ ಕಂಪ್ಯೂಟರೇ ತರೋದು," ಎಂದು ತಮ್ಮ ಕೋಣೆಗೆ ಹೋದರು.

ಹೊಸ ಕಂಪ್ಯೂಟರ್! ಅದು ಗುಂಡಿ ಒತ್ತುವ ಮೊದಲೇ ತೆರೆದುಕೊಳ್ಳುತ್ತದೇನೋ. ನಾಲ್ವರೂ ಒಬ್ಬರನ್ನೊಬ್ಬರು ನೋಡಿದೆವು. ನಾನು ಬಾಗಿಲು ಹಾಕಿ, ವೈರು ಕಿತ್ತೆ. ಮುಚ್ಚಳದ ಸ್ಕ್ರೂಗಳು ಬಿಗಿಯಾಗಿರಲೇ ಇಲ್ಲ, ಬೆರಳಿಗೇ ಬಂದವು. ಒಳಗೆ ನೋಡಿದರೆ ಎರಡು ಜಾಗವೂ ಖಾಲಿ.

"ನಾನು ತೆಗೆದದ್ದು ಒಂದೇ," ಎಂದುಬಿಟ್ಟೆ. ಮಾತು ಬಾಯಿಯಿಂದ ಜಾರಿಬಿಟ್ಟಿತ್ತು. ಇನ್ನೇನು ಮಾಡುವುದು, ಕನ್ನಡಕದ ಡಬ್ಬಿ ತೆಗೆದು ಕಡ್ಡಿಯನ್ನು ಮೇಜಿನ ಮೇಲಿಟ್ಟೆ.

ಆಮೇಲೆ ಕುಲುಮೆಯಪ್ಪ ಏಪ್ರನ್ನಿನ ಜೇಬಿಗೆ ಕೈ ಹಾಕಿದರು. ಪಿಂಗಾಣಿ ಹಲ್ಲನ್ನು ಕಳಿಸುವಾಗ ಸುತ್ತುತ್ತಾರಲ್ಲ, ಹಾಗೇ ಹತ್ತಿಯಲ್ಲಿ ಸುತ್ತಿದ ಪೊಟ್ಟಣ. ಬಿಚ್ಚಿದರೆ ಹಳೆಯ ಕಡ್ಡಿ.

"ಒಳಗಿದ್ದದ್ದು ಒಂದೇ," ಎಂದರು. ಮುಖ ಕೆಂಪಾಗಿತ್ತು. "ಹೊಸದು ಇದೇ ಅಂದ್ಕೊಂಡು ತೆಗೆದೆ. ಮೊದಲೇ ಒಂದು ಇರುತ್ತೆ ಅಂತ ನನಗೇನ್ರೀ ಗೊತ್ತು?"

"ನೀವ್ಯಾಕೆ ತೆಗೆದ್ರಿ? ಕುಲುಮೆ ಕಾದು ಕೂತಿರುತ್ತೆ ಅಂತ ದಿನಾ ಪ್ರಾಣ ತಿಂತಿದ್ರಲ್ಲ!"

"ಕೂತಿರ್ಲಿ ಬಿಡಿ. ನೀವು ಹೋಗ್ತೀರಿ ಅಂದ್ರಿ. ಹೋಗೋದ್ರೊಳಗೆ ನಾಲ್ಕು ದಿನ ಸರಿಯಾಗಿ ಚಹಾ ಕುಡಿಯೋಣ ಅಂತ." ಇಷ್ಟು ಹೇಳಿ ಗೋಡೆಯ ಗಡಿಯಾರ ನೋಡುತ್ತ ನಿಂತರು.

ಆಗ ಪಾಲಿಶಮ್ಮನ ಜೇಬಿನಿಂದ ಉಗ್ರಾಣದ ಸ್ಕ್ರೂಡ್ರೈವರ್ ಹೊರಬಂತು. "ನಾನು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದೆ. ಬಿಚ್ಚಿ ನೋಡ್ತೀನಿ, ಒಳಗೆ ಏನೂ ಇಲ್ಲ! ನನಗೆ ಅಂತ ಒಂದನ್ನೂ ಉಳಿಸಿಲ್ವಲ್ರೀ ನೀವು!"

"ಓ, ಅದು ನಿಮ್ಮ ಹತ್ರ ಇತ್ತಾ?" ಎಂದರು ಮೇಣದಪ್ಪ. "ನಾನು ಉಗ್ರಾಣವೆಲ್ಲ ಹುಡುಕಿ ಬಂದೆ."

ಮೇಣದಪ್ಪನ ಮೈ ಕುಲುಕಲು ಶುರುವಾಯಿತು. ಅದು ಅಂಟುರೋಗ. ಬಾಯಿಗೆ ಕೈ ಅಡ್ಡ ಹಿಡಿದು, ಸದ್ದು ಹೊರಗೆ ಹೋಗದಂತೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮಾಲೀಕರ ಚಪ್ಪಲಿಯ ಸದ್ದು ಕೇಳಿಸಿದ ಮೇಲೆಯೇ ಎಚ್ಚರ. ನಾನು ಹೇಳಿಕೊಟ್ಟಂತೆ ಕುಲುಮೆಯಪ್ಪ ನನ್ನ ಪೆನ್ಸಿಲಿನ ರಬ್ಬರಿನಿಂದ ಕಡ್ಡಿಯ ಅಂಚು ಉಜ್ಜಿ ಕೊಟ್ಟರು. ಯಾವ ಕಡ್ಡಿ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಟಕ್ ಎಂದು ಕೂರಿಸಿ ಮುಚ್ಚಳ ಹಾಕಿದೆ.

ಮಾಲೀಕರು ಬಾಗಿಲು ತೆಗೆದಾಗ ನೀಲಿ ಪರದೆಯ ಮೇಲೆ ಉಂಗುರ ಸುತ್ತುತ್ತಿತ್ತು.

"ಎದ್ದಿತಾ?"

"ಏಳ್ತಾ ಇದೆ ಸಾರ್. ಹೊಸ ಕಡ್ಡಿ ಇದಕ್ಕೆ ಹೊಂದಲಿಲ್ಲ. ತೆಗೆದಿದ್ದೀವಿ, ತಗೊಳ್ಳಿ. ರಿಪೇರಿಯವಳು ಬರೋದು ಬೇಡ."

ಅವರು ಕಡ್ಡಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಮತ್ತೆ ಮೊದಲಿನ ಹಾಗೇ ನಿಧಾನ ಆಗುತ್ತಲ್ಲಮ್ಮ? ನೀವು ಬೇರೆ ಹೊರಟ್ರಿ. ಈ ಮುದಿಯಂತ್ರದ ಮುಂದೆ ಕೂರೋಕೆ ಹೊಸಬರು ಯಾರು ಬರ್ತಾರೆ?"

"ಅದನ್ನೇ ಯೋಚಿಸ್ತಿದ್ದೀನಿ ಸಾರ್," ಎಂದೆ. "ಈ ಸ್ಥಿತಿಯಲ್ಲಿ ಬಿಟ್ಟು ಹೋಗೋದು ನ್ಯಾಯ ಅಲ್ಲ."

ಉಂಗುರ ಸುತ್ತುತ್ತಿದ್ದಾಗ ಶಿಳ್ಳೆಯ ಅಜ್ಜ ಬಂದದ್ದನ್ನು ಮೊದಲಿನಿಂದ ಕೊನೆಯ ತನಕ ಹೇಳಿದೆ. ಟೊಪ್ಪಿ ತೆಗೆದದ್ದನ್ನೂ ಬಿಡಲಿಲ್ಲ.

ಫೆಬ್ರುವರಿ ೨೫, ಭಾನುವಾರ

ಅಕ್ಕನಿಗೆ ಫೋನ್ ಮಾಡಿದೆ.

"ಬರೋದಕ್ಕಾಗಲ್ಲ ಅಕ್ಕ. ಕಂಪ್ಯೂಟರ್ ಮತ್ತೆ ನಿಧಾನ ಆಗಿದೆ."

"ಸರಿ ಆಯ್ತು ಅಂದಿದ್ದೆ?"

"ಆಗಿತ್ತು. ಮೆಮೊರಿ ಹೊಂದಲಿಲ್ಲ. ನಾನಿಲ್ಲಾಂದ್ರೆ ಬೆಳಿಗ್ಗೆ ಅದನ್ನ ಏಳಿಸೋರೇ ಇಲ್ಲ. ಒಳಗಿನವರೆಲ್ಲ ನನ್ನ ಕೋಣೇಲೇ ಕಾಯ್ತಾ ಕೂತಿರ್ತಾರೆ."

"ಅಯ್ಯೋ, ದಿನಾ ಬೆಳಗಾದ್ರೆ ಅದೇ ಗೋಳಾ? ಪಾಪ ಕಣೇ ನೀನು."

"ಏನ್ ಮಾಡೋದು ಅಕ್ಕ," ಎಂದೆ. ಆಶ್ಚರ್ಯ, ಈ ಸಲ "ಪಾಪ" ಅಷ್ಟೇನೂ ಚುಚ್ಚಲಿಲ್ಲ. "ಮಹಡಿಯ ಕೋಣೆ ಬಾಡಿಗೆಗೆ ಕೊಟ್ಬಿಡು. ಇಲ್ಲಿ ಕುರ್ಚಿ ಬೇರೆ ಇದೆ."

"ಯಾವ ಕುರ್ಚಿ?"

ಮಾತು ಬೇರೆ ಕಡೆ ತಿರುಗಿಸಿದೆ. ಆಮೇಲೆ ಆ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದು ಅದರಲ್ಲೇ ಕೂತು ಊಟ ಮಾಡಿದೆ. ಅಲ್ಲಿ ಬೆಳಕು ಚೆನ್ನಾಗಿದೆ.

ಮಾರ್ಚ್ ೪, ಸೋಮವಾರ

ದಿನಚರಿ 'ಭಾರ' ಇಳಿಸಿತೋ ಇಲ್ಲವೋ ಹೇಳಲಾರೆ. ಎಷ್ಟೋ ದಿನ ಬರೆಯಲು ಪುರುಸೊತ್ತೇ ಆಗುತ್ತಿಲ್ಲ. ಕಂಪ್ಯೂಟರಿನ ಸ್ಥಿತಿ ಮಾತ್ರ ಜನವರಿಯಲ್ಲಿ ಹೇಗಿತ್ತೋ ಹಾಗೇ ಇದೆ. ಇಷ್ಟೆಲ್ಲ ಓಡಾಡಿ, ಅರ್ಜಿ ಬರೆದು, ಕೊನೆಗೆ ಏನೂ ಬದಲಾಗಲಿಲ್ಲವಲ್ಲ ಎಂದು ಬೇಸರ.

ಇವತ್ತು ಬೆಳಿಗ್ಗೆ ಉಂಗುರ ಸುತ್ತುತ್ತಿದ್ದಾಗ ಬಾಗಿಲಲ್ಲಿ ಮಾಲೀಕರು. ಕೈಯಲ್ಲಿ ಖಾಲಿ ಲೋಟ. ಎಲ್ಲರೂ ಎದ್ದು ನಿಂತೆವು. ಸಿಕ್ಕಿಬಿದ್ದೆವು ಎಂದೇ ಲೆಕ್ಕ.

"ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದರು. ಆ ಹೊಸ ಕಡ್ಡಿಯನ್ನು ಅವರು ತಮ್ಮ ಕಂಪ್ಯೂಟರಿಗೆ ಹಾಕಿಸಿಕೊಂಡಿದ್ದಾರೆ. ಈಗ ಅದು ರೆಪ್ಪೆ ಬಡಿಯುವುದರೊಳಗೆ ತೆರೆದುಕೊಳ್ಳುತ್ತದಂತೆ. ಬೆಳಗಿನ ಕೆಲಸ ಬಂದ ತಕ್ಷಣ ಮುಗಿದುಹೋಗುತ್ತದಂತೆ. "ಆಮೇಲೆ ಒಬ್ನೇ ಕೂತು ಏನ್ ಮಾಡೋದು? ಈ ಕಡೆಯಿಂದ ನಗು ಕೇಳಿಸ್ತು."

ಕುಲುಮೆಯಪ್ಪ ತಮ್ಮ ಸ್ಟೂಲು ಬಿಟ್ಟುಕೊಟ್ಟು ನನ್ನ ಮೇಜಿಗೆ ಒರಗಿ ನಿಂತರು. ಮಾಲೀಕರಿಗೆ ಸಕ್ಕರೆ ಎಷ್ಟು ಎಂದು ಇನ್ನೂ ಗೊತ್ತಾಗಿಲ್ಲ, ಕೇಳಬೇಕು. ಉಗ್ರಾಣದಲ್ಲಿ ಇನ್ನೊಂದು ಸ್ಟೂಲಿದೆಯೇ ನೋಡಬೇಕು. ನಾಳೆ ಬಿಸ್ಕತ್ತಿನ ಸರದಿ ನನ್ನದು.